ಚಾಕೊಲೇಟ್ ಹಾಲು: ಹಾಲಿನ ಲೆಕ್ಕ ಬೇರೆ, ಸಕ್ಕರೆ ಲೆಕ್ಕ ಬೇರೆ

ಮಗು ಬರೀ ಹಾಲು ಮುಟ್ಟುವುದಿಲ್ಲ, ಚಾಕೊಲೇಟ್ ಪುಡಿ ಹಾಕಿದರೆ ಗಟಗಟ ಕುಡಿಯುತ್ತದೆ, ಕೊಡಬಹುದಾ ಎಂದು ಕೇಳುವವರು ಬಹಳ. ಕೊಡಬಹುದು. ಕೋಕೋ ಬಿದ್ದ ಮಾತ್ರಕ್ಕೆ ಹಾಲಿನ ಸತ್ವ ಎಲ್ಲಿಗೂ ಹೋಗುವುದಿಲ್ಲ. ಕಣ್ಣಿಡಬೇಕಾದ್ದು ಒಂದೇ ಕಡೆ: ಆ ಲೋಟಕ್ಕೆ ಹೊರಗಿನಿಂದ ಎಷ್ಟು ಸಕ್ಕರೆ ಬಿತ್ತು?

ಮೊದಲು ಹಾಲು. ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಬೆಳಿಗ್ಗೆ ಬರುವ ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು: ಕೊಬ್ಬು ಶೇ 3, ಕೊಬ್ಬು ಬಿಟ್ಟು ಉಳಿದ ಘನಾಂಶ ಶೇ 8.5. ಇದರ 200 ಎಂ.ಎಲ್.ನಲ್ಲಿ ಸುಮಾರು 120 ಕ್ಯಾಲೊರಿ, 6 ಗ್ರಾಂ ಪ್ರೋಟೀನ್, 6 ಗ್ರಾಂ ಕೊಬ್ಬು, 240 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 650 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಈ ಒಂದೇ ಲೋಟದಲ್ಲಿ ಸಿಗುತ್ತದೆ. ಹಾಲಿನಲ್ಲಿ ತನ್ನದೇ ಆದ ಸಕ್ಕರೆಯೂ ಇದೆ, ಲ್ಯಾಕ್ಟೋಸ್. ಲೋಟಕ್ಕೆ 9–10 ಗ್ರಾಂ. ಆರೋಗ್ಯವಂತ ಮಗುವಿಗೆ ಅದರ ಚಿಂತೆ ಬೇಡ.

ಇನ್ನು ಕೋಕೋ. 5 ಗ್ರಾಂ ಶುದ್ಧ ಕೋಕೋ ಪುಡಿ ಎಂದರೆ ತಲೆ ಸವರಿದ ಎರಡೂವರೆ ಟೀ ಚಮಚ. ಇದರಿಂದ ಸೇರುವುದು 11–12 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್, ಒಂದೂವರೆ ಗ್ರಾಂಗೂ ಹೆಚ್ಚು ನಾರಿನಂಶ, ಸ್ವಲ್ಪ ಮೆಗ್ನೀಸಿಯಂ. ಕೆಫೀನ್ ಸುಮಾರು 11 ಮಿ.ಗ್ರಾಂ, ಒಂದು ಕಪ್ ಚಹಾಕ್ಕಿಂತ ಎಷ್ಟೋ ಕಡಿಮೆ. ಕೋಕೋದ ಆಕ್ಸಲೇಟ್ ಹಾಲಿನ ಕ್ಯಾಲ್ಸಿಯಂ ಅನ್ನೆಲ್ಲ ಕಟ್ಟಿಹಾಕುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಇಷ್ಟು ಸಣ್ಣ ಪ್ರಮಾಣಕ್ಕೆ ಅದು ಲೆಕ್ಕಕ್ಕಿಲ್ಲ.

ಎಡವುವುದು ಪುಡಿಯ ಆಯ್ಕೆಯಲ್ಲಿ. ಕೋಕೋ ಪುಡಿ ಬೇರೆ, ಡ್ರಿಂಕಿಂಗ್ ಚಾಕೊಲೇಟ್ ಬೇರೆ. ಎರಡನೆಯದರಲ್ಲಿ ತೂಕದ ಬಹುಪಾಲು ಸಕ್ಕರೆಯೇ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಓದಿ: ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆದಿರುತ್ತಾರೆ. ಮೊದಲ ಹೆಸರು ಸಕ್ಕರೆ ಆಗಿದ್ದರೆ ನೀವು ಕೊಳ್ಳುತ್ತಿರುವುದು ಕೋಕೋ ವಾಸನೆಯ ಸಕ್ಕರೆ. ಶೇ 70 ಸಕ್ಕರೆ ಇರುವ ಪುಡಿಯನ್ನು 15 ಗ್ರಾಂ ಹಾಕಿದರೆ ಹತ್ತೂವರೆ ಗ್ರಾಂ ಸಕ್ಕರೆ ಆಗಲೇ ಬಿತ್ತು. ಮೇಲೆ ಅಭ್ಯಾಸಬಲದಿಂದ ಎರಡು ಚಮಚ ಸಕ್ಕರೆ ಹಾಕಿದರೆ 18 ಗ್ರಾಂ ದಾಟುತ್ತದೆ. ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರದ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದ್ದೊಂದು ವರ್ಗವೇ ಇಲ್ಲ.

ಬೇಕರಿಯಲ್ಲಿ ಸಿಗುವ ಬಾಟಲಿಗೂ ಲೆಕ್ಕ ಸುಲಭ. ‘ಸೇರಿಸಿದ ಸಕ್ಕರೆ’ ಎಂಬ ಸಾಲು ಇದ್ದರೆ ಅದನ್ನೇ ನೋಡಿ. ಕಾಣದಿದ್ದರೆ, 100 ಎಂ.ಎಲ್.ಗೆ ಬರೆದಿರುವ ಒಟ್ಟು ಸಕ್ಕರೆಯಲ್ಲಿ 4.7 ಕಳೆಯಿರಿ, ಅದು ಲ್ಯಾಕ್ಟೋಸ್ ಪಾಲು. ಒಟ್ಟು 11 ಎಂದಿದ್ದರೆ ಉಳಿಯುವುದು 6.3. ಬಾಟಲಿ 200 ಎಂ.ಎಲ್. ಆದರೆ ಸುಮಾರು 12.6 ಗ್ರಾಂ, ಅಂದರೆ ಮೂರು ಚಮಚಕ್ಕೂ ಮೇಲೆ. ಸೇರಿಸಿದ ಸಕ್ಕರೆಯ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ದಿನಕ್ಕೆ 1700 ಕ್ಯಾಲೊರಿ ತಿನ್ನುವ ಮಗುವಿಗೆ ಶೇ 5 ಎಂದರೆ 21 ಗ್ರಾಂ. ಬಿಸ್ಕತ್ತು, ಚಹಾ, ಜಾಮ್ ಎಲ್ಲ ಇದರೊಳಗೇ ಬರಬೇಕು. ಶಾಲೆಯಲ್ಲಿ ಕ್ಷೀರಭಾಗ್ಯದ ಸಿಹಿ ಹಾಲು ಕುಡಿದು ಬರುವ ಮಗುವಾದರೆ ಅದನ್ನೂ ಸೇರಿಸಿಕೊಳ್ಳಿ.

ಹಾಗಾಗಿ ಮನೆಯಲ್ಲೇ ಮಾಡುವುದು ಉತ್ತಮ. ಒಂದು ಲೋಟಕ್ಕೆ 200 ಎಂ.ಎಲ್. ಹಾಲು, 5 ಗ್ರಾಂ ಕೋಕೋ, 6 ಗ್ರಾಂ ಸಕ್ಕರೆ (ಒಂದೂವರೆ ಚಮಚ), ಚಿಟಿಕೆಗಿಂತಲೂ ಕಡಿಮೆ ಉಪ್ಪು. ಉಪ್ಪು ಕೋಕೋದ ಕಹಿಯನ್ನು ತಗ್ಗಿಸುತ್ತದೆ. ಒಣ ಪಾತ್ರೆಯಲ್ಲಿ ಕೋಕೋ, ಸಕ್ಕರೆ ಎರಡನ್ನೂ ಬೆರೆಸಿ, ಉಂಡೆಗಳನ್ನು ಚಮಚದ ಬೆನ್ನಿನಿಂದ ಒತ್ತಿ ಪುಡಿ ಮಾಡಿ. ಮೂರ್ನಾಲ್ಕು ಚಮಚ ಬಿಸಿ ಹಾಲು ಹಾಕಿ ಹೊಳಪು ಬರುವವರೆಗೆ ತಿರುವಿ. ಗಂಟಿಲ್ಲದ ಪೇಸ್ಟ್ ಆದ ಮೇಲೆ ಉಳಿದ ಹಾಲು ಸುರಿದು, ಸಣ್ಣ ಉರಿಯಲ್ಲಿ ತಳ ಕೆದಕುತ್ತಾ ಒಂದು ಕುದಿ ಬರಿಸಿ, ಇನ್ನೊಂದು ನಿಮಿಷ ಬಿಡಿ.

ಪುಡಿಯನ್ನು ನೇರ ಹಾಲಿನ ಮೇಲೆ ಉದುರಿಸಿದರೆ ತೇಲುತ್ತದೆ. ಕೋಕೋದಲ್ಲಿ ಕೊಬ್ಬಿರುವುದರಿಂದ ಬೇಗ ನೆನೆಯುವುದಿಲ್ಲ. ಉಂಡೆಯ ಹೊರಮೈ ಒದ್ದೆಯಾದರೂ ಒಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಸಕ್ಕರೆಯ ಹರಳು ನಡುವೆ ಸೇರಿದರೆ ಕಣಗಳು ಬಿಡಿಬಿಡಿಯಾಗುತ್ತವೆ. ಕುದಿಸುವುದಕ್ಕೂ ಕಾರಣವಿದೆ: ಕೋಕೋದ ಪಿಷ್ಟ ಬಿಸಿಗೆ ಉಬ್ಬಿ ಹಾಲು ಸ್ವಲ್ಪ ಗಟ್ಟಿಯಾಗುತ್ತದೆ, ಪುಡಿ ನಿಧಾನಕ್ಕೆ ತಳ ಸೇರುತ್ತದೆ. ಪೂರ್ತಿ ಕರಗುವುದಂತೂ ಇಲ್ಲ, ಕುಡಿಯುವ ಮುಂಚೆ ಒಮ್ಮೆ ಕಲಕಲೇಬೇಕು. ಅಂಗಡಿ ಬಾಟಲಿಯಲ್ಲಿ ತಳ ಕಟ್ಟದೆ ನಿಂತಿದ್ದರೆ, ಪಟ್ಟಿಯಲ್ಲಿ 407 ಎಂಬ ಸಂಖ್ಯೆ ಹುಡುಕಿ. ಅದು ಕ್ಯಾರಗೀನನ್, ಕಡಲ ಪಾಚಿಯಿಂದ ತೆಗೆದ ಅಂಟು.

ಬೆಲ್ಲ ಹಾಕುವವರು ಕುದಿಯುವ ಹಾಲಿಗೆ ಹಾಕಬೇಡಿ, ಒಡೆಯುತ್ತದೆ. ಒಲೆ ಆರಿಸಿ, ಕುಡಿಯುವ ಬಿಸಿಗೆ ಇಳಿದ ಮೇಲೆ ಬೆರೆಸಿ. ಆದರೆ ಬೆಲ್ಲವೂ ಸೇರಿಸಿದ ಸಕ್ಕರೆಯೇ, ರಿಯಾಯಿತಿ ಇಲ್ಲ. ಹೆಚ್ಚು ಸಿಹಿಗೆ ಒಗ್ಗಿದ ಮಗುವಿಗೆ ಒಮ್ಮೆಲೇ ಕಡಿಮೆ ಮಾಡಿದರೆ ಲೋಟ ದೂಡುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬೇಡವೇ ಬೇಡ. ಕಬ್ಬಿಣಾಂಶದ ಮಾತ್ರೆ ನುಂಗುವ ಹುಡುಗಿಯರು, ಗರ್ಭಿಣಿಯರು ಮಾತ್ರೆಗೂ ಚಾಕೊಲೇಟ್ ಹಾಲಿಗೂ ಎರಡು ಗಂಟೆ ಅಂತರ ಇಡಿ: ಹಾಲಿನ ಕ್ಯಾಲ್ಸಿಯಂ, ಕೋಕೋದ ಪಾಲಿಫಿನಾಲ್ ಎರಡೂ ಕಬ್ಬಿಣ ಹೀರಿಕೆಗೆ ಅಡ್ಡಿ. ಗಂಟೆಗಟ್ಟಲೆ ಓಡುವ, ಗರಡಿಯಲ್ಲಿ ಬೆವರು ಸುರಿಸುವ ಹುಡುಗರಿಗೆ ಮಾತ್ರ ಸಕ್ಕರೆ ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ. ದಣಿದ ಮೈಗೆ ಆ ಸಕ್ಕರೆ–ಪ್ರೋಟೀನ್ ಜೋಡಿ ಉಪಯೋಗಕ್ಕೆ ಬರುತ್ತದೆ. ಸಂಜೆ ಒಂದು ಸುತ್ತು ವಾಕಿಂಗ್ ಹೋಗಿ ಬಂದವರಿಗೆ ಈ ಮಾತು ಅನ್ವಯಿಸದು.

ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಏಪ್ರಿಲ್–ಮೇ ಸೆಕೆಯಲ್ಲಿ ಎರಡು ಗಂಟೆ ಹೊರಗಿದ್ದ ಲೋಟವನ್ನು ಮಗುವಿಗೆ ಕೊಡಬೇಡಿ. ಹುಳಿ ತಿರುಗಿದ್ದರೂ ಕೋಕೋದ ಘಮಕ್ಕೆ ಅದು ಬೇಗ ಗೊತ್ತಾಗುವುದಿಲ್ಲ.