ಕುತ್ತಿಗೆಮಟ್ಟ ನೀರು

ಹೋದ ವರ್ಷ ಶುಂಠಿ ನಮ್ಮ ಕೈ ಹಿಡಿಯಲಿಲ್ಲ. ಗುತ್ತಿಗೆಗೆ ಹಿಡಿದ ಎರಡು ಎಕರೆ. ಬಿಡದ ಮಳೆ, ಹಿಂದೆಯೇ ಕೊಳೆ ರೋಗ. ಮೇಲೆ ಎಲೆ ಹಳದಿ ತಿರುಗುವಷ್ಟರಲ್ಲಿ ಕೆಳಗೆ ಗಡ್ಡೆ ಕರಗಿ ಕೈಗೆ ಅಂಟುತ್ತದೆ. ಆ ವಾಸನೆ ಸೋಪಿಗೂ ಹೋಗುವುದಿಲ್ಲ. 60 ಕೆಜಿ ಚೀಲದ ಲೆಕ್ಕ ಹಾಕುತ್ತಾ ಕೂತಿದ್ದವನಿಗೆ ಉಳಿದದ್ದು ಸಾಲದ ಲೆಕ್ಕ. ಚರ್ಚಿನ ಭಾನುವಾರದ ಪೂಜೆಗೆ ಹೋಗುವುದನ್ನೂ ಬಿಟ್ಟೆ. ಹೋದರೆ ಎಲ್ಲರೂ ಶುಂಠಿ ಹೇಗಾಯ್ತು ಅಂತಲೇ ಕೇಳ್ತಾರೆ, ಅಲ್ವಾ?

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ ಅಮ್ಮ ಶೆಟ್ಟಿಹಳ್ಳಿಗೆ ಕರ್ಕೊಂಡು ಹೋಗು ಅಂತ ಹಟ ಹಿಡಿದರು. ಹಾಸನದಿಂದ ಸುಮಾರು 20 ಕಿ.ಮೀ. ಅಲ್ಲಿನ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎದ್ದುಹೋಯಿತು, ಚರ್ಚ್ ಮಾತ್ರ ಹಿನ್ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ಕಾಣುತ್ತದೆ. ಈಗ ಜಾಸ್ತಿ ಬರುವವರು ಫೋಟೊ ತೆಗೆಯುವವರು. ನಾವು ಹೋದಾಗಲೂ ಒಂದು ಮದುವೆ ಜೋಡಿ ಇತ್ತು.

ಬಿರುಕು ಬಿಟ್ಟ ಮಣ್ಣು ನೋಡಿ ಗಟ್ಟಿ ಇದೆ ಅಂದುಕೊಂಡು ಅಮ್ಮ ಕಾಲಿಟ್ಟರು. ಚಪ್ಪಲಿ ಕೆಸರಲ್ಲೇ ಉಳಿಯಿತು. ನಾನು ಬಗ್ಗಿ ಕೀಳುತ್ತಿದ್ದರೆ ಅವರು ನನ್ನ ಹೆಗಲು ಹಿಡಿದುಕೊಂಡು, "ಬೈಬಲಿನ 69ನೇ ಕೀರ್ತನೆಯಲ್ಲೂ ಇದೇ ಕಥೆ ಕಣೋ" ಅಂದರು. ಕಾಪಾಡು ದೇವರೇ, ನೀರು ಕುತ್ತಿಗೆಗೆ ಬಂದಿದೆ, ಕಾಲೂರಲು ನೆಲೆ ಇಲ್ಲ, ಕೂಗಿ ಕೂಗಿ ಗಂಟಲು ಒಣಗಿದೆ. ಎಷ್ಟು ಸಲ ಕೇಳಿದ್ದೆನೋ. ಆದರೆ ಶುರುವಿನಲ್ಲೇ ಅಷ್ಟು ದೂರು ಇದೆ ಅಂತ ಅವತ್ತೇ ಹೊಳೆದದ್ದು. ಸ್ತುತಿ ಬರುವುದು ಕೊನೆಕೊನೆಗೆ. ಮುಖ ತೊಳೆದುಕೊಂಡು, ಸಾಲ ತೀರಿಸಿಕೊಂಡು ಬಾ ಅಂತ ಅಲ್ಲಿ ಯಾರೂ ಹೇಳುವುದಿಲ್ಲ.

ಗೋಡೆಗಳ ಹತ್ತಿರ ಹೋಗಲು ಭಯ, ಇಟ್ಟಿಗೆ ಉದುರುತ್ತದೆ. ನೀರು ನಿಂತಿದ್ದ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಅಮ್ಮ ಹೊರಗೇ ಒಣ ಮಣ್ಣಿನ ಮೇಲೆ ಕೂತು ಜಪಸರ ತೆಗೆದರು. ನಾನು ಪಕ್ಕದಲ್ಲಿ ಕೂತು ಪ್ರಾರ್ಥನೆ ಅಂತ ಮಾಡಿದ್ದು ಒಂದೇ. ಯಾರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಯೇಸುವಿಗೆ ಒಂದೊಂದಾಗಿ ಹೇಳಿದೆ. ಹೆಂಡತಿಗೆ ಹೇಳದೇ ತೆಗೆದುಕೊಂಡ ಕೈಸಾಲವನ್ನೂ. ಸಾಲ ಒಂದು ರೂಪಾಯಿಯೂ ಇಳಿಯಲಿಲ್ಲ. ಆದರೆ ರಾತ್ರಿ ಅದನ್ನು ಹೆಂಡತಿಗೆ ಹೇಳಲು ಬಾಯಿ ಬಂತು. ಎಷ್ಟೋ ದಿನದ ಮೇಲೆ ನಿದ್ದೆಯೂ ಬಂತು.

ಆ ಭಾನುವಾರ ಪೂಜೆಗೆ ಹೋದೆ. ಬೆಂಚಿನಲ್ಲಿ ಪಕ್ಕದವರು ಕೇಳಿಯೇ ಬಿಟ್ಟರು, ಶುಂಠಿ ಹೇಗಾಯ್ತು ಅಂತ.

"ಕೊಳೆತು ಹೋಯ್ತಣ್ಣ" ಅಂದೆ.

"ನಮ್ಮದೂ" ಅಂದು ಸ್ವಲ್ಪ ಸರಿದು ಜಾಗ ಮಾಡಿದರು. ಪೂಜೆ ಮುಗಿದ ಮೇಲೆ ಬಾಗಿಲ ಹೊರಗೆ ಬಹಳ ಹೊತ್ತು ನಿಂತೆವು. ಈ ಸಲ ಜೋಳ ಹಾಕೋಣ ಅಂತಿದ್ದಾರಂತೆ.