ನೋಡೋದೇನಿದೆ ಸರ್, ಹಳೇದು

ಮೊನ್ನೆಯ ಗಾಳಿಮಳೆಗೆ ಅಕೇಶಿಯಾ ಮರ ತೋಟದ ಬೇಲಿ ಮೇಲೆ ಬಿತ್ತು. ಮರ ಕೊಯ್ಯುವ ಮಷಿನ್ ಹಗ್ಗ ಎಳೆದಾಗ ಸ್ಟಾರ್ಟ್ ಆಗುತ್ತಿತ್ತು, ಆಕ್ಸಿಲರೇಟರ್ ಕೊಟ್ಟ ಕೂಡಲೇ ಆಫ್. ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಮುಟ್ಟಿಯೂ ನೋಡದೆ "ಹೊಸದು ತಗೊಳ್ಳಿ" ಅಂದ.

"ಒಂದ್ಸಲ ಬಿಚ್ಚಿ ನೋಡಿ ಮಾರಾಯ್ರೆ."

"ನೋಡೋದೇನಿದೆ ಸರ್, ಹಳೇದು."

ವಾರವಿಡೀ ಈ ಮಾತು ತಲೆಯಿಂದ ಹೋಗಿಲ್ಲ. ಹಳೇದು ಸರಿ, ಕೆಟ್ಟಿದ್ದು ಏನು ಅಂತ ಹೇಳಬೇಕಲ್ವಾ? ಹುಡುಗನಿಗೆ ಕೆಲಸ ಗೊತ್ತಿಲ್ಲ ಅಂತ ನನಗೆ ಅನ್ನಿಸಲಿಲ್ಲ. ಬಿಚ್ಚುವ ಮನಸ್ಸಿಲ್ಲ.

ಕೊನೆಗೆ ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುವ ಅಣ್ಣನ ಹತ್ತಿರ ಹೋದೆ. ಅವರು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ತಂತಿಯ ಕೊಕ್ಕೆ ಹಾಕಿ ಒಳಗಿನ ಪೈಪ್ ಹೊರಗೆಳೆದು, ಎರಡು ಬೆರಳಲ್ಲಿ ಬಗ್ಗಿಸಿದರು. ಬಗ್ಗಿದಲ್ಲೆಲ್ಲ ಕೂದಲೆಳೆಯಷ್ಟು ಬಿರುಕು. "ಪೆಟ್ರೋಲ್ ಜೊತೆ ಗಾಳಿ ಕುಡೀತಿದೆ ನೋಡಿ" ಅಂದರು.

ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿದರೆ ಒಳಗಿನ ಡಯಾಫ್ರಮ್ ಅನ್ನೋ ಪೊರೆ ಒಣಗಿದ ಅಡಿಕೆ ಹಾಳೆಯ ಹಾಗೆ ಸೆಟೆದಿತ್ತು. ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ಫ್ಲೋಟ್ ಇರುತ್ತದೆ. ಮಗುಚಿದರೆ ಅದು ಕೆಲಸ ಮಾಡದು. ಮರ ಕೊಯ್ಯುವಾಗ ಮಷಿನ್ ಓರೆ ಮಾಡಬೇಕು, ಮಗುಚಬೇಕು. ಅದಕ್ಕೇ ಇಲ್ಲಿ ಫ್ಲೋಟ್ ಇಲ್ಲ. ಆ ತೆಳು ಡಯಾಫ್ರಮ್ಮೇ ಬಗ್ಗಿ ಸೂಜಿ ವಾಲ್ವ್ ತೆರೆಯಬೇಕು. ಅದು ಸೆಟೆದರೆ ಪೆಟ್ರೋಲ್ ಸಾಲುವುದಿಲ್ಲ. ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಹೋಗೋದೂ ಪೆಟ್ರೋಲ್ ಜೊತೆಗೇ. ಹಾಗೇ ಓಡಿಸುತ್ತಾ ಹೋದರೆ ಒಂದು ದಿನ ಪಿಸ್ಟನ್ ಜಾಮ್. ಆಮೇಲೆ ಹುಡುಗ ಹೇಳಿದ ಮಾತೇ ನಿಜವಾಗುತ್ತದೆ.

ಈಗ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದು ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಮಷಿನ್ ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನೇ ಆಫ್ ಆಗುವವರೆಗೆ ಓಡಿಸಬೇಕು. ಇಷ್ಟನ್ನು ಮಾರುವವರು ಮಾರುವಾಗಲೇ ಹೇಳಿಕೊಟ್ಟರೆ ಎಷ್ಟು ಮಷಿನ್ ಉಳಿದೀತು! ಒಂದು ಪೈಪ್, ಒಂದು ಫಿಲ್ಟರ್, ಡಯಾಫ್ರಮ್ ಕಿಟ್, ಇಷ್ಟನ್ನು ಅಂಗಡಿಯಲ್ಲಿ ಇಟ್ಟುಕೊಳ್ಳೋದು ದೊಡ್ಡ ವಿಷಯವೂ ಅಲ್ಲ. ಹೊಸ ಮಷಿನ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸಣ್ಣ ತೋಟದವರು ಬಿದ್ದ ಮರ ಕೊಯ್ಯಿಸಲು ಕೂಲಿಗೆ ಕಾಯುತ್ತಾ ಕೂರಬೇಕಾಗುತ್ತದೆ.

ಅಣ್ಣ ಹೊಸ ಪೈಪ್, ಕಿಟ್ ಹಾಕಿದರು. ಸ್ಕ್ರೂಡ್ರೈವರ್‌ನಿಂದ ಕಾರ್ಬೊರೇಟರಿನ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸದ್ದು ಕೇಳಿದರು. ಆಕ್ಸಿಲರೇಟರ್ ಕೊಟ್ಟಾಗ ತಡವರಿಸದೆ ಏರಿದ ಮೇಲೇ ನನ್ನ ಕೈಗೆ ಕೊಟ್ಟರು. ಪಕ್ಕದ ತೋಟದವರ ಮಷಿನ್ನೂ "ಹಳೇದು" ಅನ್ನಿಸಿಕೊಂಡು ಅಟ್ಟ ಸೇರಿದೆ. ಭಾನುವಾರ ಅದನ್ನೂ ಇಳಿಸಿ ಅಣ್ಣನ ಹತ್ತಿರ ಒಯ್ಯುತ್ತೇವೆ.