ಗವರ್ನರ್ ಸೋತಿದ್ದು 343 ಮತದಿಂದ: ಮತಗಟ್ಟೆಯ ಮೇಜಿನಲ್ಲಿ ಕಲಿತದ್ದು

ನಾನು ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿದ್ದೇನೆ. ಸಂಬಳದ ಕೆಲಸ ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ. ಚುನಾವಣೆ ಬಂತೆಂದರೆ ಅವತ್ತು ರಜೆ ಹಾಕಿ ಮತಗಟ್ಟೆಯಲ್ಲಿ ಕೂರುತ್ತೇನೆ. ನಮ್ಮೂರಿನ ಹಾಗೆ ಇಲ್ಲಿ ಮೇಷ್ಟ್ರುಗಳನ್ನೂ ಸರ್ಕಾರಿ ನೌಕರರನ್ನೂ ಈ ಕೆಲಸಕ್ಕೆ ಎಳೆದು ತರುವುದಿಲ್ಲ. ಊರಿನ ಮತದಾರರೇ ಹೆಸರು ಕೊಟ್ಟು, ತರಬೇತಿಗೆ ಹೋಗಿ, ಪ್ರಮಾಣ ಮಾಡಿ ಕೂರಬೇಕು. ಜೊತೆಗಿರುವವರಲ್ಲಿ ಹೆಚ್ಚಿನವರು ನಿವೃತ್ತರು. ದಿನದ ಭತ್ಯೆ ಅಷ್ಟೇನಿಲ್ಲ, ಆದರೆ ಈ ಕೆಲಸ ನನಗೆ ಇಷ್ಟ.

ಇದರಲ್ಲಿ ಕಲಿತ ಒಂದು ಪಾಠವನ್ನು ನಾನು ಈಗ ಆಸ್ಪತ್ರೆಯ ಕೆಲಸದಲ್ಲೂ ಬಳಸುತ್ತೇನೆ. ನಾವು ಬರೆಯುವ ಕಾಗದವನ್ನು ಮುಂದೆ ಓದುವವರು ನಮ್ಮನ್ನು ನೋಡಿರುವುದಿಲ್ಲ, ನಮ್ಮ ಎದುರು ನಿಂತಿದ್ದ ಮನುಷ್ಯನನ್ನೂ ನೋಡಿರುವುದಿಲ್ಲ. ಅವರಿಗೆ ಕಾಗದ ಮಾತ್ರ ಕಾಣುತ್ತದೆ. ಹಾಗಾಗಿ ಕಾಗದವೇ ಪೂರ್ತಿ ಮಾತಾಡಬೇಕು. ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ 2018ರ ಆಗಸ್ಟ್‌ನಲ್ಲಿ ಇಲ್ಲಿ ನಡೆದದ್ದನ್ನು ಹೇಳಬೇಕು. ನಾನು ಈ ಕೆಲಸಕ್ಕೆ ಸೇರಿದ್ದು ಅದಾದ ಮೇಲೆ. ಆದರೆ ಹಳಬರ ಬಾಯಲ್ಲಿ ಆ ವಾರದ ಮಾತು ಇವತ್ತಿಗೂ ನಿಂತಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಇಲ್ಲಿಯ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಮುಖ್ಯಮಂತ್ರಿಯ ಜಾಗ. ಜನರೇ ನೇರವಾಗಿ ಆರಿಸುತ್ತಾರೆ. ಪಕ್ಷದ ಟಿಕೆಟ್ ಯಾರಿಗೆ ಅನ್ನುವುದನ್ನೂ ಹೈಕಮಾಂಡ್ ತೀರ್ಮಾನ ಮಾಡುವುದಿಲ್ಲ. ಅದಕ್ಕೇ ಒಂದು ಚುನಾವಣೆ ನಡೆಯುತ್ತದೆ, ಅದೇ ಪ್ರೈಮರಿ. ಬಿ ಫಾರಂ ಮತದಾರರ ಕೈಯಲ್ಲೇ ಇದೆ ಅನ್ನಿ. ಕುರ್ಚಿಯಲ್ಲಿ ಕೂತಿರುವ ಗವರ್ನರ್ ಕೂಡ ಮೊದಲು ಸ್ವಂತ ಪಕ್ಷದವರ ಎದುರೇ ಗೆದ್ದು ಬರಬೇಕು.

2018ರಲ್ಲಿ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಪಕ್ಷದ ಜೆಫ್ ಕೋಲ್ಯರ್. ಮೂಲತಃ ಪ್ಲಾಸ್ಟಿಕ್ ಸರ್ಜನ್. ಜನ ಆರಿಸಿದ್ದ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ವಾಷಿಂಗ್ಟನ್‌ನ ಹುದ್ದೆ ಒಪ್ಪಿಕೊಂಡು ಹೋದಾಗ, ಉಪ ಗವರ್ನರ್ ಆಗಿದ್ದ ಕೋಲ್ಯರ್ ಜನವರಿ ಕೊನೆಯಲ್ಲಿ ಆ ಜಾಗಕ್ಕೆ ಬಂದಿದ್ದರು. ಕುರ್ಚಿ ಬಿಸಿಯಾಗುವಷ್ಟರಲ್ಲಿ ಪ್ರೈಮರಿ. ಎದುರಿಗೆ ಕ್ರಿಸ್ ಕೋಬಾಕ್. ಅವರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ರಾಜ್ಯದ ಚುನಾವಣೆ ನಡೆಸುವ ಇಲಾಖೆಯ ಮುಖ್ಯಸ್ಥ! ಕಣದಲ್ಲಿ ಒಟ್ಟು ಏಳು ಜನ. ಅದರಲ್ಲಿ 17 ವರ್ಷದ ಒಬ್ಬ ಹೈಸ್ಕೂಲ್ ಹುಡುಗನೂ ಇದ್ದ. ಗವರ್ನರ್ ಆಗಲು ಇಂತಿಷ್ಟು ವಯಸ್ಸಾಗಿರಬೇಕು ಎಂಬ ನಿಯಮ ಆಗ ಕ್ಯಾನ್ಸಸ್‌ನಲ್ಲಿ ಇರಲಿಲ್ಲ.

ಮತದಾನ ಆಗಸ್ಟ್ 7ಕ್ಕೆ. ಹಿಂದಿನ ದಿನ ಅಧ್ಯಕ್ಷ ಟ್ರಂಪ್ ಟ್ವಿಟ್ಟರ್‌ನಲ್ಲಿ ಕೋಬಾಕ್‌ಗೆ ಬೆಂಬಲ ಕೊಟ್ಟರು. ಎಣಿಕೆ ರಾತ್ರಿಯೆಲ್ಲ ಎಳೆಯಿತು. ಬೆಳಿಗ್ಗೆ ನೋಡಿದರೆ, ಮೂರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಕೋಬಾಕ್ ಮುಂದಿದ್ದದ್ದು ಬರೀ 191ರಿಂದ.

ಅಲ್ಲಿಗೆ ಎಲ್ಲರ ಕಣ್ಣು ಲಕೋಟೆಗಳ ಮೇಲೆ ಬಿತ್ತು.

ಯಾವ ಲಕೋಟೆ ಅಂತ ಹೇಳುತ್ತೇನೆ. ಮತಗಟ್ಟೆಗೆ ಬಂದ ಎಲ್ಲರ ಕಾಗದಪತ್ರವೂ ಸರಿ ಇರುವುದಿಲ್ಲ. ಒಬ್ಬರು ಮನೆ ಬದಲಾಯಿಸಿರುತ್ತಾರೆ, ಹೊಸ ವಿಳಾಸ ಪಟ್ಟಿಯಲ್ಲಿ ಇರುವುದಿಲ್ಲ. ಇನ್ನೊಬ್ಬರು ಮದುವೆಯಾಗಿ ಹೆಸರು ಬದಲಾಯಿಸಿರುತ್ತಾರೆ. ಮತ್ತೊಬ್ಬರು ಫೋಟೋ ಇರುವ ಗುರುತಿನ ಚೀಟಿ ಮನೆಯಲ್ಲೇ ಮರೆತು ಬಂದಿರುತ್ತಾರೆ. ಇಂಥವರನ್ನು ವಾಪಸ್ ಕಳಿಸುವ ಹಾಗಿಲ್ಲ. ಅವರ ಮತವನ್ನು ಯಂತ್ರಕ್ಕೆ ಹಾಕದೆ ಒಂದು ಲಕೋಟೆಯಲ್ಲಿಟ್ಟು ಅಂಟಿಸುತ್ತೇವೆ. ಇದೇ ಪ್ರಾವಿಷನಲ್ ಮತ. ಆಮೇಲೆ ಕೌಂಟಿ (ನಮ್ಮ ಜಿಲ್ಲೆಯ ಥರ) ಕಚೇರಿಯವರು ಒಂದೊಂದನ್ನೂ ದಾಖಲೆ ಜೊತೆ ಹೋಲಿಸಿ ನೋಡುತ್ತಾರೆ. ಎಣಿಸಬೇಕೋ ಬೇಡವೋ ಅನ್ನುವುದನ್ನು ಕೆಲವು ದಿನ ಬಿಟ್ಟು ಕ್ಯಾನ್ವಾಸರ್‌ಗಳ ಮಂಡಳಿ, ಅಂದರೆ ಮತಗಳನ್ನು ಪರಿಶೀಲಿಸಿ ಫಲಿತಾಂಶ ಖಚಿತಪಡಿಸುವವರು, ಬಹಿರಂಗ ಸಭೆಯಲ್ಲಿ ತೀರ್ಮಾನಿಸುತ್ತದೆ. 2018ರಲ್ಲಿ ಇಡೀ ರಾಜ್ಯದಲ್ಲಿ ಇಂಥ ಲಕೋಟೆಗಳು 8ರಿಂದ 10 ಸಾವಿರ ಇರಬಹುದು ಎಂದು ಆಗ ಅಂದಾಜು ಮಾಡಿದ್ದರು. ಅಂತರ 191. ಯೋಚನೆ ಮಾಡಿ.

ಲಕೋಟೆಯ ಮೇಲೆ ಒಂದು ಫಾರಂ ಇರುತ್ತದೆ. ಹೆಸರು, ಹಳೆಯ ವಿಳಾಸ, ಹೊಸ ವಿಳಾಸ, ಹುಟ್ಟಿದ ದಿನ, ಯಾಕೆ ಪ್ರಾವಿಷನಲ್ ಅನ್ನುವ ಕಾರಣ, ಮತದಾರರ ಸಹಿ. ಬೆಳಿಗ್ಗೆ ಹನ್ನೊಂದಕ್ಕೆ ಜನ ಕಡಿಮೆ ಇದ್ದಾಗ ಇದನ್ನು ಯಾರು ಬೇಕಾದರೂ ಚೆನ್ನಾಗಿ ತುಂಬಿಸುತ್ತಾರೆ. ಕಷ್ಟ ಇರುವುದು ಸಂಜೆ ಆರರ ಮೇಲೆ. ಏಳಕ್ಕೆ ಬಾಗಿಲು. ಸಾಲು ಹೊರಗಿನ ಕಾರ್ ಪಾರ್ಕಿಂಗ್‌ವರೆಗೆ ಹೋಗಿರುತ್ತದೆ. ಎದುರಿಗೆ ನಿಂತ ತಾಯಿಯ ಸೊಂಟದಲ್ಲಿ ಅಳುವ ಮಗು. ಅವರು ಗಡಿಬಿಡಿಯಲ್ಲಿ ಗೀಚಿ ಕೊಟ್ಟು ಹೊರಡುತ್ತಾರೆ. ಸಹಿ ಇರಬೇಕಾದ ಜಾಗ ಖಾಲಿ. ಹಳೆಯ ವಿಳಾಸದಲ್ಲಿ ಬೀದಿಯ ಹೆಸರಿದೆ, ಮನೆ ನಂಬರ್ ಇಲ್ಲ.

ಅವರನ್ನು ಒಂದು ನಿಮಿಷ ನಿಲ್ಲಿಸಿಕೊಳ್ಳುವುದೇ ನಮ್ಮ ಕೆಲಸದ ಅಸಲಿ ಭಾಗ. ಸಾಲಿನಲ್ಲಿ ಇರುವವರು ಗೊಣಗಲಿ, ಪರವಾಗಿಲ್ಲ. ನಮ್ಮ ಮತಗಟ್ಟೆಯ ಮೇಲ್ವಿಚಾರಕಿ ನಿವೃತ್ತ ಸ್ಕೂಲ್ ಟೀಚರ್. ನನಗೆ ಮೊದಲ ದಿನವೇ ಅವರು ಒಂದು ಅಭ್ಯಾಸ ಹಾಕಿಕೊಟ್ಟರು. ಲಕೋಟೆ ಕೈಗೆ ಬಂದ ಕೂಡಲೇ ಮತದಾರರ ಎದುರೇ ಅದನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಬೇಕು. ಖಾಲಿ ಜಾಗ ಸಿಕ್ಕರೆ ಬೆರಳು ಅಲ್ಲೇ ನಿಲ್ಲಬೇಕು. ಮತದಾರರು ಹೊರಟು ಹೋದ ಮೇಲೆ ಆ ಖಾಲಿ ಜಾಗ ತುಂಬುವವರು ಯಾರೂ ಇಲ್ಲ. ಸಹಿ ಇಲ್ಲದ ಲಕೋಟೆಯನ್ನು ಮಂಡಳಿ ಪಕ್ಕಕ್ಕೆ ಇಟ್ಟರೆ, ಆ ತಾಯಿ ಮಗು ಎತ್ತಿಕೊಂಡು ಸಾಲಿನಲ್ಲಿ ನಿಂತದ್ದೇ ದಂಡ. ಅವರ ತಪ್ಪಿಗಿಂತ ನಮ್ಮ ಅವಸರ ಅಲ್ಲಿ ಜಾಸ್ತಿ ಇರುತ್ತದೆ.

ಕಾರಣದ ಜಾಗದಲ್ಲಿ ಏನು ಬರೆಯುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಸುಮ್ನೆ ‘ವಿಳಾಸ’ ಅಂತ ಬರೆದು ಬಿಟ್ಟರೆ ಕಚೇರಿಯಲ್ಲಿ ಕೂತವರಿಗೆ ಏನೂ ಅರ್ಥವಾಗುವುದಿಲ್ಲ. ‘ಇದೇ ಕೌಂಟಿಯೊಳಗೆ ಮನೆ ಬದಲು, ಹೊಸ ವಿಳಾಸ ನೋಂದಣಿ ಆಗಿಲ್ಲ’ ಅಂತ ಬರೆದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ಯಾರಿಗೆ ಈ ಲಕೋಟೆ ಕೊಡಬಾರದು ಅನ್ನುವುದು. ಕ್ಯಾನ್ಸಸ್‌ನಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರರು ಪ್ರೈಮರಿ ದಿನ ನಮ್ಮ ಮೇಜಿನಲ್ಲೇ ಒಂದು ಫಾರಂಗೆ ಸಹಿ ಹಾಕಿ ಪಕ್ಷ ಸೇರಿ, ಎಲ್ಲರ ಹಾಗೆ ಮತ ಹಾಕಬಹುದು. ಒಂದು ಪಕ್ಷದಲ್ಲಿ ನೋಂದಾಯಿಸಿಕೊಂಡವರು ಆವತ್ತು ಇನ್ನೊಂದಕ್ಕೆ ಹಾರುವ ಹಾಗಿಲ್ಲ. ಇವೆರಡನ್ನೂ ಗೊಂದಲ ಮಾಡಿಕೊಳ್ಳುವುದು ಬಹಳ ಸುಲಭ. ಕೆಲವು ಕಡೆ ಪಕ್ಷರಹಿತ ಮತದಾರರಿಗೆ ಪ್ರಾವಿಷನಲ್ ಮತ ಕೊಟ್ಟರು, ಕೆಲವರನ್ನು ವಾಪಸ್ ಕಳಿಸಿದರು ಎಂದು 2018ರಲ್ಲಿ ಕೋಲ್ಯರ್ ಕಡೆಯವರು ದೂರಿದ್ದರು. ಹಾಗಾಗಿ ಬಾಗಿಲು ತೆಗೆಯುವ ಮುಂಚೆ ನಾವು ಈ ನಿಯಮಗಳಿರುವ ಪುಟವನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇವೆ. ಹತ್ತು ವರ್ಷದಿಂದ ಕೂರುತ್ತಿರುವವರೂ ಓದುತ್ತಾರೆ.

ಈಗ ಆ 191ಕ್ಕೆ ಬರೋಣ. ಎರಡು ದಿನದಲ್ಲಿ ಅದು 91 ಆಯಿತು. ಹೊಸ ಮತ ಸಿಕ್ಕಿದ್ದಕ್ಕಲ್ಲ. ರಾಜ್ಯದ ವಾಯವ್ಯ ಮೂಲೆಯಲ್ಲಿ ಥಾಮಸ್ ಕೌಂಟಿ ಅಂತ ಇದೆ, ಗೋಧಿ ಬೆಳೆಯುವ ಸೀಮೆ. ಅಲ್ಲಿಯ ಲೆಕ್ಕದ ಪ್ರಕಾರ ಕೋಲ್ಯರ್‌ಗೆ ಬಿದ್ದ ಮತ 522. ರಾಜ್ಯದ ವೆಬ್‌ಸೈಟಿನಲ್ಲಿ ಇದ್ದದ್ದು 422. ಒಂದೇ ಒಂದು ಅಂಕಿ! ಇಡೀ ರಾಜ್ಯದ ಮುನ್ನಡೆ ಅರ್ಧಕ್ಕಿಂತ ಕೆಳಗೆ ಬಂತು. ಕೌಂಟಿಯಲ್ಲಿ ಮೂಲ ಲೆಕ್ಕ ಭದ್ರವಾಗಿ ಇದ್ದದ್ದರಿಂದ ತಪ್ಪು ಸಿಕ್ಕಿತು.

ನಮ್ಮ ಮತಗಟ್ಟೆಯಲ್ಲಿ ಬಾಗಿಲು ಹಾಕಿದ ಮೇಲೆ ಯಾರಿಗೂ ತಕ್ಷಣ ಮನೆಗೆ ಹೋಗಲು ಬಿಡುವುದಿಲ್ಲ. ಪಟ್ಟಿಯಲ್ಲಿ ಗುರುತಾದವರು ಎಷ್ಟು, ಯಂತ್ರದೊಳಗೆ ಹೋದ ಮತ ಎಷ್ಟು, ಪ್ರಾವಿಷನಲ್ ಲಕೋಟೆ ಎಷ್ಟು, ಕೆಟ್ಟುಹೋದ ಮತಪತ್ರ ಎಷ್ಟು, ಎಲ್ಲ ತಾಳೆ ಬೀಳಬೇಕು. ಒಬ್ಬರು ಅಂಕಿಯನ್ನು ಒಂದೊಂದಾಗಿ ಓದುತ್ತಾರೆ: ಐದು, ಎರಡು, ಎರಡು. ಇನ್ನೊಬ್ಬರು ಬರೆಯುತ್ತಾರೆ. ಆಮೇಲೆ ಬರೆದವರು ತಾವು ಬರೆದದ್ದನ್ನು ಓದುತ್ತಾರೆ, ಮೊದಲು ಓದಿದವರು ಮೂಲ ನೋಡಿ ಹೂಂ ಅನ್ನುತ್ತಾರೆ. ಬೆಳಿಗ್ಗೆ ಆರರಿಂದ ಕೂತು ಸೊಂಟ ಹಿಡಿದಿರುವಾಗ ಇದು ಬೇಸರದ ಕೆಲಸವೇ. ಆದರೂ ಇದನ್ನು ಬಿಟ್ಟರೆ ಉಳಿದ ಇಡೀ ದಿನಕ್ಕೆ ಬೆಲೆ ಇಲ್ಲ ಅಂತ ನಾನು ನಂಬುತ್ತೇನೆ. ಆಸ್ಪತ್ರೆಯಲ್ಲೂ ಸಂಜೆಯ ಲೆಕ್ಕ ಮುಗಿಸುವಾಗ ಈಗ ನಾವಿಬ್ಬರು ಹೀಗೇ ಮಾಡುತ್ತೇವೆ.

ಆ ವಾರದಲ್ಲಿ ಇನ್ನೊಂದು ಪ್ರಶ್ನೆ ದೊಡ್ಡದಾಯಿತು. ಅಭ್ಯರ್ಥಿಯೇ ಚುನಾವಣಾ ಇಲಾಖೆಯ ಮುಖ್ಯಸ್ಥ ಆದರೆ ಹೇಗೆ? ಅಂಚೆ ಮತಗಳ ಬಗ್ಗೆ ಕೌಂಟಿಗಳಿಗೆ ಕಾನೂನಿಗೆ ಹೊಂದದ ಸಲಹೆ ಹೋಗುತ್ತಿದೆ ಎಂದು ಕೋಲ್ಯರ್ ಪತ್ರ ಬರೆದರು. ಎಣಿಸುವವರು ಕೌಂಟಿಯವರು, ತಾನು ಪಕ್ಕಕ್ಕೆ ಸರಿದರೂ ಅದು ಹೆಸರಿಗೆ ಮಾತ್ರ ಎಂದು ಮೊದಲು ಹೇಳಿದ್ದ ಕೋಬಾಕ್, ಕೊನೆಗೆ ಆ ಹೊಣೆಯನ್ನು ತಮ್ಮ ಕೈಕೆಳಗಿನ ಅಧಿಕಾರಿಗೆ ಬಿಟ್ಟುಕೊಟ್ಟರು. ಕಾನೂನು ಏನೇ ಹೇಳಲಿ, ಮತದಾನಕ್ಕೆ ಮುಂಚೆಯೇ ಅವರು ಸರಿಯಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಎಣಿಕೆ ಸರಿಯಾಗಿದ್ದರೆ ಮಾತ್ರ ಸಾಲದು. ಸೋತವರ ಕಡೆಯವರಿಗೂ ಅದು ಸರಿ ಅಂತ ಕಾಣಬೇಕು. ನಮ್ಮ ಕನ್ನಡ ಸಂಘದ ಯಾರಾದರೂ ನನ್ನ ಸಾಲಿಗೆ ಬಂದು ಅವರ ದಾಖಲೆಯಲ್ಲಿ ಏನಾದರೂ ತೊಡಕಿದ್ದರೆ ಪಕ್ಕದ ಮೇಜಿನವರನ್ನು ಕರೆಯುತ್ತೇನೆ. ಒಮ್ಮೆ ಪರಿಚಯದ ಅಂಕಲ್ ಒಬ್ಬರಿಗೆ ಬೇಜಾರಾಯಿತು. “ಏನಮ್ಮಾ, ನಮ್ಮವಳೇ ಆಗಿ ಹೀಗೆ ಮಾಡ್ತೀಯಲ್ಲ” ಅಂದರು. “ನಿಮ್ಮ ಮತದ ಬಗ್ಗೆ ನಾಳೆ ಯಾರೂ ಮಾತಾಡಬಾರದು ಅಂತಲೇ ಅಂಕಲ್” ಅಂದೆ.

ಲಕೋಟೆಗಳ ತೀರ್ಮಾನ ಆಗುತ್ತಾ ಹೋದ ಹಾಗೆ ಅಂತರ ಏರಿ ಇಳಿದು, ಕೊನೆಗೆ ಕೋಬಾಕ್ ಕಡೆಗೇ ಬೆಳೆಯಿತು. ಆಗಸ್ಟ್ 14ರ ಸಂಜೆ ಕೋಲ್ಯರ್ ಸೋಲು ಒಪ್ಪಿಕೊಂಡರು. ಮರು ಎಣಿಕೆ ಕೇಳಬಹುದಿತ್ತು, ಕೋರ್ಟಿಗೂ ಹೋಗಬಹುದಿತ್ತು. ಎರಡೂ ಬೇಡ ಅಂದರು. ಅಧಿಕೃತ ಅಂತರ 343. ಇಬ್ಬರಿಗೂ ಬಂದದ್ದು ಶೇಕಡಾ 40ರ ಚಿಲ್ಲರೆ. ಜಾರ್ಜಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಯಾರಿಗೂ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು ನಡೆಯುತ್ತದೆ. ಕ್ಯಾನ್ಸಸ್‌ನಲ್ಲಿ ಅದಿಲ್ಲ, ಒಂದು ಮತ ಜಾಸ್ತಿ ಬಂದರೂ ಗೆಲುವೇ. ಆ ಹೈಸ್ಕೂಲ್ ಹುಡುಗನಿಗೆ ಬಿದ್ದ ಮತ ಎರಡು ಸಾವಿರಕ್ಕಿಂತ ಹೆಚ್ಚು! ನವೆಂಬರ್‌ನಲ್ಲಿ ಕೋಬಾಕ್ ಡೆಮಾಕ್ರಟಿಕ್ ಪಕ್ಷದ ಲಾರಾ ಕೆಲ್ಲಿ ಎದುರು ಸೋತರು. ಕೆಲ್ಲಿ 2022ರಲ್ಲೂ ಗೆದ್ದರು. ಅಧಿಕಾರದಲ್ಲಿದ್ದ ಒಬ್ಬ ಗವರ್ನರ್ ಸ್ವಂತ ಪಕ್ಷದಲ್ಲಿ 343 ಮತದಿಂದ ಸೋತದ್ದು ರಾಜ್ಯದ ದಾರಿಯನ್ನೇ ಬೇರೆ ಮಾಡಿತು.

ಅಂಚೆ ಮತದ ನಿಯಮ ಈಗ ಬದಲಾಗಿದೆ, ಅದನ್ನು ಇಲ್ಲಿರುವ ಕನ್ನಡದವರಿಗೆ ಹೇಳಲೇಬೇಕು. 2018ರಲ್ಲಿ ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದಿದ್ದರೆ, ಮೂರು ದಿನ ತಡವಾಗಿ ಬಂದ ಮತವೂ ಲೆಕ್ಕಕ್ಕೆ ಬರುತ್ತಿತ್ತು. 2025ರಲ್ಲಿ ಶಾಸನಸಭೆ ಗವರ್ನರ್ ವಿಟೋ ಮೀರಿ ಕಾನೂನು ಬದಲಾಯಿಸಿತು. 2026ರಿಂದ ಚುನಾವಣೆ ದಿನ ಸಂಜೆ ಏಳರೊಳಗೆ ಮತ ಕೈಗೆ ಸೇರಿರಬೇಕು. ಅಂಚೆ ಮತ ತರಿಸಿಕೊಂಡವರು ಕೊನೆ ವಾರದಲ್ಲಿ ಅದನ್ನು ಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಕೌಂಟಿ ಚುನಾವಣಾ ಕಚೇರಿಗೋ ಮತಗಟ್ಟೆಗೋ ನೀವೇ ತಂದುಕೊಡಿ. ಅಂಟಿಸುವ ಮುಂಚೆ ಲಕೋಟೆಯ ಹಿಂದೆ ಸಹಿ ಇದೆಯಾ ನೋಡಿ. ಮನೆ ಬದಲಾಯಿಸಿದ್ದರೆ ಹೊಸ ವಿಳಾಸವನ್ನು ಈಗಲೇ ನೋಂದಾಯಿಸಿ, ಆನ್‌ಲೈನ್‌ನಲ್ಲೇ ಆಗುತ್ತದೆ.